ಕಿವಿಗೆ ಹಿಡಿದ ಮೀನು

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಕರಿಬಸವಯ್ಯ ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೂಗು ಮುಂದೆ ಮಾಡಿ ವಾಸನೆ ನೋಡುತ್ತಿದ್ದ. ನೀರು ನಾರುತ್ತಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಅಷ್ಟು ಸುಲಭವಲ್ಲ. ತನ್ನ ಮನೆಯ ವಾಸನೆ ತನ್ನ ಮೂಗಿಗೆ ಹತ್ತುವುದಿಲ್ಲ ಎಂದು ಅವನೇ ಒಂಬತ್ತನೇ ಕ್ಲಾಸಿನ ಹುಡುಗರಿಗೆ ಪಾಠ ಮಾಡಿದ್ದಾನೆ. ಆದರೆ ಇದು ತನ್ನ ಮನೆಯಲ್ಲವಲ್ಲ, ಹತ್ತಬೇಕಿತ್ತು, ಎಂದುಕೊಂಡು ತನ್ನ ತಮಾಷೆಗೆ ತಾನೇ ನಕ್ಕ. ಬಿಳಿಗೆರೆಯ ಈ ಮನೆ, ಹಿಂದಿನ ತೋಟ, ಅಂಗಳದ ಆಚೆಯ ಕೊಬ್ಬರಿ ಅಟ್ಟ ಎಲ್ಲವೂ ಮಾವ ಶಂಭುಲಿಂಗಯ್ಯನವರವು. ಅವರ ಒಬ್ಬಳೇ ಮಗಳು ಗಿರಿಜಾಂಬಿಕೆಯನ್ನು ಮದುವೆಯಾಗಿ, ಮನೆ ಅಳಿಯನೆಂದು ಒಂದು ಟ್ರಂಕು, ಒಂದು ಸೈಕಲ್ಲು ತೆಗೆದುಕೊಂಡು ಬಂದು ಇಪ್ಪತ್ತು ವರ್ಷವಾಯಿತು. ಸೈಕಲ್ಲಿನಲ್ಲಿ ದಿನಾ ತಿಪಟೂರಿನ ಹೈಸ್ಕೂಲಿಗೆ ಹೋಗಿ ವಿಜ್ಞಾನ ಹೇಳಿಕೊಟ್ಟು ಬರುತ್ತಾನೆ. ಟ್ರಂಕು ಇಳಿಸಿದ ಜಾಗದಲ್ಲೇ ಇದೆ. ಈ ಮನೆಯಲ್ಲಿ ಅವನು ತಾನಾಗಿ ಬೇಕೆಂದು ತಂದಿಟ್ಟ ಮೂರನೆಯ ಸಾಮಾನೆಂದರೆ ಈ ಮೂರೂವರೆ ಅಡಿ ಉದ್ದದ ಗಾಜಿನ ತೊಟ್ಟಿ. ಅದೂ ಮಗಳು ಕಾಲೇಜಿಗೆಂದು ತುಮಕೂರಿನ ಹಾಸ್ಟೆಲು ಸೇರಿ, ಪಡಸಾಲೆ ಬಿಕೋ ಅನ್ನತೊಡಗಿದ ಮೇಲೆ. ಅದನ್ನು ಇಡುವಾಗ ಮಾವನನ್ನು ಕೇಳಲೂ ಇಲ್ಲ, ಹೇಳಲೂ ಇಲ್ಲ. ಅವರು ಸಂತೆಗೆ ಹೋಗಿದ್ದಾಗ ಇಟ್ಟುಬಿಟ್ಟಿದ್ದ. ಕಳ್ಳನ ಹಾಗೆ ಇಟ್ಟೆನಲ್ಲ ಎಂಬ ಅಳುಕು ಎರಡು ವರ್ಷವಾದರೂ ಹೋಗಿಲ್ಲ.

ಲಿಂಗ ಕಟ್ಟಿದವರ ಮನೆಯಲ್ಲಿ ಮೀನು! ಪಕ್ಕದ ಮನೆಯ ಗಂಗಕ್ಕ ಮೊದಲ ದಿನವೇ ಬಂದು ಸೆರಗನ್ನು ಮೂಗಿಗೆ ಹಿಡಿದುಕೊಂಡು ನೋಡಿ, "ಇದ್ನ ಎಷ್ಟ್ ದಿನಕ್ಕೆ ಕುಯ್ಯದು ಮೇಷ್ಟ್ರೇ?" ಎಂದು ಕೇಳಿದ್ದಳು. ಇವು ತಿನ್ನುವ ಮೀನಲ್ಲ, ನೋಡುವ ಮೀನು, ಆಫ್ರಿಕದ ದೊಡ್ಡ ಸರೋವರದವು, ಸಿಕ್ಲಿಡ್ ಅಂತ ಹೆಸರು, ಅಲ್ಲಿ ಬಂಡೆ ಮೇಲಿನ ಪಾಚಿ ತಿಂದುಕೊಂಡಿರುತ್ತವೆ, ಅಂದರೆ ಒಂದು ಲೆಕ್ಕಕ್ಕೆ ನಮ್ಮ ಹಾಗೇ ಸಸ್ಯಾಹಾರಿಗಳು ಎಂದು ಅವನು ಪಾಠ ಒಪ್ಪಿಸಿದ್ದ. ಅದು ಸುಳ್ಳೂ ಅಲ್ಲ. ಬೇಯಿಸಿದ ಬಟಾಣಿ, ಹೆಚ್ಚಿದ ಪಾಲಕ್ ಸೊಪ್ಪು, ಸೌತೇಕಾಯಿಯ ತಿರುಳು ಇದ್ದರೆ ಅವಕ್ಕೆ ಹಬ್ಬ. ಇನ್ನೊಂದು ಸೋಜಿಗವೆಂದರೆ ಈ ಊರಿನ ನೀರು. ಬೋರಿನ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಹಂಡೆಯ ಒಳಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಗಿರಿಜಾ ಅಡಿಗೆಗೆ ಸಿಹಿನೀರಿನ ಬಾವಿಗೇ ಹೋಗಬೇಕು. ಆದರೆ ಬೆಂಗಳೂರಿನ ಅಂಗಡಿಯಲ್ಲಿ ಏನೇನೋ ಪುಡಿ ಹಾಕಿ ಗಡುಸು ಮಾಡಿದ ನೀರಿನಲ್ಲಿ ಸಪ್ಪಗೆ ಬಿದ್ದಿದ್ದ ಈ ಮೀನುಗಳು ಬಿಳಿಗೆರೆಯ ಬೋರಿನ ನೀರಿಗೆ ಬಿಟ್ಟ ಮೂರೇ ದಿನಕ್ಕೆ ಬಣ್ಣ ತಿರುಗಿದವು. ಇಲ್ಲಿಯವರೆಲ್ಲ ಶಪಿಸುವ ನೀರು ಎಲ್ಲಿಯದೋ ಮೀನಿಗೆ ತವರಿನ ನೀರಾಯಿತಲ್ಲ ಎಂದು ಅವನಿಗೆ ಹೇಳತೀರದ ಸಂತೋಷವಾಗಿತ್ತು. ಹೇಳಿಕೊಳ್ಳಲು ಯಾರೂ ಸಿಗದೆ ಗಿರಿಜಳಿಗೆ ಹೇಳಿದ. "ಹಂಗಾರೆ ಆ ಮೀನಿಗೇ ಬೇಳೆ ಬೇಯ್ಸಕ್ ಹೇಳಿ" ಎಂದಿದ್ದಳು.

ಈಗಿನ ಕಷ್ಟ ನೀರಿನದಲ್ಲ, ತಿಂದು ಉಳಿದದ್ದರದು. ಸೊಪ್ಪಿನ ಚೂರು, ಬಟಾಣಿಯ ಸಿಪ್ಪೆ ಕಲ್ಲುಗಳ ಸಂದಿಗೆ ಸೇರಿ ಕೊಳೆಯುತ್ತದೆ. ಅದನ್ನು ಕೆದಕಿ ತಿಂದು ತಳ ಚೊಕ್ಕಟ ಮಾಡುವ ಒಂದು ಮೀಸೆ ಮೀನು, ಇಂಗ್ಲಿಷಿನಲ್ಲಿ ಕ್ಯಾಟ್‌ಫಿಶ್ ಅನ್ನುತ್ತಾರಲ್ಲ ಅದು, ಬೇಕು. ಬೇಕು ಅಂದಷ್ಟು ಸುಲಭವಾಗಿ ಸಿಗುವಂಥದ್ದಲ್ಲ ಅದು. ಈ ಗಡುಸು ನೀರಿನಲ್ಲಿ ಬದುಕಬೇಕು; ತೊಟ್ಟಿಯ ಯಜಮಾನನಾದ ದೊಡ್ಡ ನೀಲಿ ಗಂಡು ಮೀನಿನ ಕಾಟ ತಡೆಯಬೇಕು; ತಾನೇ ಮಿಕ್ಕವನ್ನು ನುಂಗುವಂಥದ್ದೂ ಆಗಿರಬಾರದು. ಆ ನೀಲಿಗೆ ಗಿರಿಜಾ ದಫೇದಾರ ಎಂದು ಹೆಸರಿಟ್ಟಿದ್ದಾಳೆ. ಮೈಮೇಲೆ ಕಪ್ಪು ಪಟ್ಟೆ, ಯಾವಾಗಲೂ ಗಸ್ತು, ಹೊಸಬರು ಬಂದರೆ ಮೊದಲು ಲಾಠಿ. ನಾಲ್ಕು ತಿಂಗಳ ಹಿಂದೆ ಕರಿಬಸವಯ್ಯ ಅಂಗಡಿಯವನ ಮಾತು ನಂಬಿ ಬೆರಳುದ್ದದ, ಕಂಚಿನ ಬಣ್ಣದ ಎರಡು ಪುಟ್ಟ ಮೀಸೆ ಮೀನು ತಂದು ಬಿಟ್ಟಿದ್ದ. ಪಾಪದವು. ಮೆತ್ತನೆ ನೀರಿನ ನಾಡಿನವು. ದಫೇದಾರ ಅವುಗಳ ಕಣ್ಣಿಗೇ ಕುಕ್ಕಿದ. ಒಂದು ಎರಡನೆಯ ದಿನ ತೇಲಿತು. ಇನ್ನೊಂದು ಎಲ್ಲಿ ಹೋಯಿತೆಂದೇ ಗೊತ್ತಾಗಲಿಲ್ಲ. ಗೊತ್ತಾದದ್ದು ಕಾರ್ತಿಕ ಸೋಮವಾರ ಬೆಳಿಗ್ಗೆ, ಮಾವ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತಿದ್ದಾಗ. ಕಲ್ಲಿನ ಹಿಂದಿನಿಂದ ಎದ್ದ ಆ ವಾಸನೆ ವಿಭೂತಿ, ಊದುಬತ್ತಿ ಎಲ್ಲವನ್ನೂ ದಾಟಿ ನೆಟ್ಟಗೆ ಅವರ ಮೂಗಿಗೆ ಹೋಯಿತು. ಅವರು ಬೈಯಲಿಲ್ಲ. ಎದ್ದು ಮತ್ತೊಮ್ಮೆ ಸ್ನಾನ ಮಾಡಿ ಬಂದು, ಪೂಜೆ ಮುಗಿಸಿ, ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ ಯಾರಿಗೋ ಹೇಳುವವರ ಹಾಗೆ ಹೇಳಿದರು: "ಇನ್ನೊಂದು ಸತ್ತು ನಾರಿದ್ರೆ ಆ ಪೆಟ್ಟಿಗೆ ಕೊಟ್ಟಿಗೆಗೆ ಹೋಗ್ತದೆ. ಎಮ್ಮೆ ನೀರ್ ಕುಡಿಯಕ್ ಚೆನ್ನಾಗದೆ." ಕರಿಬಸವಯ್ಯ ತಲೆ ಬಗ್ಗಿಸಿ ಉಂಡ. ಗಂಟಲಿನವರೆಗೆ ಬಂದ ಮಾತು ಮುದ್ದೆಯ ಜೊತೆ ಒಳಗೆ ಹೋಯಿತು. ಅವತ್ತಿನಿಂದ ಬೆಳಿಗ್ಗೆ ಎದ್ದ ತಕ್ಷಣ ಮೊದಲ ಕೆಲಸ ವಾಸನೆ ನೋಡುವುದು, ಎರಡನೆಯದು ಮೀನುಗಳನ್ನು ಎಣಿಸುವುದು. ಇನ್ನೊಂದು ತಪ್ಪು ಆರಿಸಿದರೆ ತೊಟ್ಟಿ ಹೋಯಿತು ಎಂಬುದು ಅವನಿಗೆ ಗೊತ್ತಿತ್ತು.

ಅಂಗಳದಲ್ಲಿ ಲೂನಾ ನಿಂತ ಸದ್ದಾಯಿತು. ನಜೀರ್ ಅಹಮದ್ ಬಂದ. ತಿಪಟೂರಿನಲ್ಲಿ ಪಂಪಿನ ಮೋಟರು ಸುತ್ತುವ ಮೆಕ್ಯಾನಿಕ್ಕು. ಈ ತೊಟ್ಟಿಗೆ ಕಬ್ಬಿಣದ ಚೌಕಟ್ಟು ಹೊಂದಿಸಿದವನು, ಕರೆಂಟು ಹೋದಾಗ ಗಾಳಿ ನಿಲ್ಲದ ಹಾಗೆ ಲಾರಿಯ ಟ್ಯೂಬಿಗೆ ಗಾಳಿ ತುಂಬಿ ಅದರಿಂದ ಸಣ್ಣ ಕೊಳವೆ ಎಳೆದುಕೊಟ್ಟವನು ಅವನೇ. ಮೋಟರಿಗೆ ತಾಮ್ರದ ತಂತಿ ತರಲು ನಿನ್ನೆ ಬೆಂಗಳೂರಿಗೆ ಹೋಗಿದ್ದವನು ಹ್ಯಾಂಡಲಿಗೆ ಎರಡು ಪ್ಲಾಸ್ಟಿಕ್ ಚೀಲ ತೂಗುಹಾಕಿಕೊಂಡು ಬಂದಿದ್ದ. ಎರಡರಲ್ಲೂ ಅರ್ಧ ನೀರು, ಅರ್ಧ ಗಾಳಿ, ಒಂದೊಂದು ಮೀನು.

"ಒಂದು ತಗೊಂಡ್ ಬಾ ಅಂದಿದ್ರಿ ಮೇಷ್ಟ್ರೇ. ಅಂಗ್ಡಿಯೋನು ಯಾವ್ದು ಅಂದ. ನನಗೇನ್ ಗೊತ್ತು? ಎರಡೂ ತಂದೆ. ಒಂದು ನೀವು ಇಟ್ಕೊಳಿ, ಇನ್ನೊಂದು ನಮ್ಮ ಅಂಗ್ಡಿ ಹಿಂದಿನ ಬಾವಿಗೆ ಬಿಡ್ತೀನಿ. ಸೊಳ್ಳೆ ಮರಿಯಾದ್ರೂ ತಿನ್ಲಿ," ಎಂದು ನಜೀರ್ ಚೀಲಗಳನ್ನು ಎತ್ತಿ ಬೆಳಕಿಗೆ ಹಿಡಿದ.

ಎರಡು ಚೀಲಗಳನ್ನೂ ತೊಟ್ಟಿಯ ನೀರಿನ ಮೇಲೆ ತೇಲಬಿಟ್ಟರು. ಒಳಗಿನ ನೀರು ಹೊರಗಿನ ಶಾಖಕ್ಕೆ ಹೊಂದಿಕೊಳ್ಳಲು ಕಾಲು ಗಂಟೆ ಬೇಕು, ಆಮೇಲೇ ಬಿಡಬೇಕು. ಆ ಕಾಲು ಗಂಟೆಯಲ್ಲಿ ಆರಿಸಬೇಕು. ಒಂದು ಕಂದು ಬಣ್ಣದ್ದು, ಮೈಯೆಲ್ಲಾ ಗಟ್ಟಿ ಚಿಪ್ಪಿನ ಸಾಲು, ಬಾಯಿ ಹೊಟ್ಟೆಯ ಕಡೆಗೆ. ಆ ಬಾಯನ್ನು ಚೀಲದ ಗೋಡೆಗೆ ಒತ್ತಿಕೊಂಡು ಅಂಟಿಸಿದ ಸ್ಟಾಂಪಿನ ಹಾಗೆ ಅಲ್ಲಾಡದೆ ಕೂತಿತ್ತು. ಇನ್ನೊಂದು ಬೂದು ಮೈಮೇಲೆ ಕರೀ ಚುಕ್ಕೆಯದು, ಮೂರು ಜೊತೆ ಮೀಸೆ, ಬೆನ್ನ ಮೇಲೆ ಎದ್ದು ನಿಂತ ಮುಳ್ಳು. ಅದು ಒಂದು ಕಡೆ ನಿಲ್ಲದು. ಮೂಲೆ ಮೂಲೆ ತಿವಿಯಿತು, ಅಂಗಾತ ಮಲಗಿತು, ತಲೆಕೆಳಗಾಗಿ ಈಜಿತು. "ಇದು ಆಫ್ರಿಕಾದೇ ಅಂತೆ, ನಿಮ್ಮ ಮೀನುಗಳ ಊರ ಕಡೆಯೋನೇ," ಎಂದ ನಜೀರ್ ಚುಕ್ಕೆಯದನ್ನು ತೋರಿಸಿ. "ಆ ಕಂದು ಮೀನು ಬರೀ ಗೋಡೆ ನೆಕ್ತದೆ ಅಷ್ಟೇ. ತಳದ್ದು ಮುಟ್ಟಲ್ಲ ಅಂದ." ಅದು ಕರಿಬಸವಯ್ಯನಿಗೂ ಗೊತ್ತು. ಪುಸ್ತಕ ತರಿಸಿ ಓದಿದ್ದಾನೆ. ಆದರೂ ಅವನ ಕಣ್ಣು ಆ ಕಂದು ಮೀನಿನ ಮೇಲೇ ನಿಂತಿತ್ತು. ಅದು ಯಾರ ತಂಟೆಗೂ ಹೋಗುವುದಿಲ್ಲ. ದಫೇದಾರ ಕುಕ್ಕಿದರೂ ಚಿಪ್ಪು ತಡೆಯುತ್ತದೆ, ಗೋಡೆ ಬಿಟ್ಟು ಕದಲುವುದಿಲ್ಲ. ತೊಟ್ಟಿಯಲ್ಲಿ ಒಂದು ಮೀನಿದೆ ಎಂಬುದೇ ಮರೆತುಹೋಗುವಷ್ಟು ತೆಪ್ಪಗಿರುತ್ತದೆ. ತಳದ ಕೊಳೆಯನ್ನು ತಾನೇ ದಿನಕ್ಕೆರಡು ಸಲ ಕೊಳವೆ ಹಾಕಿ ಎಳೆದರಾಯಿತು. ಬೇರೆಯವರ ಮನೆಗೆ ಬಂದ ಜೀವ ಬಾಳುವುದಾದರೆ ಹೀಗೆ ಅಂಟಿಕೊಂಡೇ ಬಾಳಬೇಕು. ಮುಳ್ಳೆತ್ತಿಕೊಂಡು ತಲೆಕೆಳಗಾಗಿ ಕುಣಿದರೆ ಯಾವ ದಫೇದಾರ ಬಿಟ್ಟಾನು?

ಇದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಧಾರೆಯಾದ ದಿನ ಮಧ್ಯಾಹ್ನ ಕೈ ತೊಳೆಯಲು ಚಪ್ಪರದ ಹಿಂದೆ ಹೋದಾಗ ಗರಿಯ ತಡಿಕೆಯ ಆಚೆ ಮಾವನ ಕಡೆಯ ನೆಂಟರು ಮರುಳಸಿದ್ದಯ್ಯನವರು ಎಲೆಯಡಿಕೆ ಹಾಕಿಕೊಳ್ಳುತ್ತಾ ಹೇಳುತ್ತಿದ್ದರು: "ಶಂಭಣ್ಣ ಒಳ್ಳೆ ಬಾಯಿ ಸತ್ತೋನ್ನೇ ಹುಡುಕವ್ನೆ ಬುಡು. ಮನೆ ಅಳಿಯಂಗೆ ಇನ್ನೇನ್ ಬೇಕು?" ಜೊತೆಯವರು ನಕ್ಕರು. ಬಾಸಿಂಗ ಕಟ್ಟಿಕೊಂಡ ಹಣೆ ಬೆವರಿತು. ಅವನು ಕೈ ತೊಳೆಯದೆಯೇ ಬಂದು ಗಿರಿಜಳ ಪಕ್ಕ ಕೂತ. ಅವಮಾನವಾಯಿತೇ ಎಂದರೆ ಆಯಿತು. ಆದರೆ ಅದರ ಜೊತೆಗೇ ಒಂದು ನೆಮ್ಮದಿಯೂ ಆಯಿತಲ್ಲ, ಅದನ್ನು ಯೋಚಿಸಿದರೆ ಈಗಲೂ ನಾಚಿಕೆ. ತನ್ನಿಂದ ಈ ಮನೆಗೆ ಬೇಕಾದದ್ದು ಇಷ್ಟೇ ಎಂದು ಗೊತ್ತಾಗಿಬಿಟ್ಟಿತ್ತು. ಇಷ್ಟು ತಾನು ಮಾಡಬಲ್ಲ. ಮಾಡಿದ. ಬಾವಿಯ ಹಗ್ಗ ಬದಲಾಯಿಸಬೇಕೆಂದು ಕಂಡರೂ ಹೇಳಲಿಲ್ಲ, ಅತ್ತೆ ತೀರಿಕೊಂಡಾಗ ಯಾವ ಡಾಕ್ಟರಿಗೆ ಮೊದಲೇ ತೋರಿಸಬೇಕಿತ್ತು ಎಂದೂ ಹೇಳಲಿಲ್ಲ, ಮಗಳನ್ನು ಹಾಸ್ಟೆಲಿಗೆ ಹಾಕುವಾಗ ಬೇಡ ಎಂದು ಹೊಟ್ಟೆಯಲ್ಲಿ ಕೂಗುತ್ತಿದ್ದರೂ ಹೇಳಲಿಲ್ಲ. ಶಾಲೆಯಲ್ಲಿ ಅವನ ಮಾತಿಗೆ ಹುಡುಗರು ಬಿದ್ದು ಬಿದ್ದು ನಗುತ್ತಾರೆ. ಸೈಕಲ್ಲು ಈ ಅಂಗಳಕ್ಕೆ ತಿರುಗಿದ ಕೂಡಲೇ ನಾಲಿಗೆ ಮಡಚಿಕೊಳ್ಳುತ್ತದೆ. ಹಾಗೆಂದು ದುಃಖವೇನೂ ಇಲ್ಲ. ಬಿಸಿ ಮುದ್ದೆ, ಬಸ್ಸಾರು, ಹೆಂಡತಿಯ ಕುಚೋದ್ಯ, ಸಂಜೆ ತೋಟದ ಗಾಳಿ, ಈ ನೀಲಿ ಹಳದಿ ಮೀನು. ಯಾರಿಗುಂಟು ಯಾರಿಗಿಲ್ಲ ಎಂದೇ ಅವನಿಗೆ ಬಹಳ ದಿನ ಅನಿಸುತ್ತದೆ.

ಗಿರಿಜಾ ಎರಡು ಲೋಟ ಕಾಫಿ ತಂದು ಒಂದನ್ನು ನಜೀರನ ಕೈಗೆ ಕೊಟ್ಟು, ಇನ್ನೊಂದನ್ನು ಗಂಡನ ಪಕ್ಕ ನೆಲದ ಮೇಲಿಟ್ಟು, ತೊಟ್ಟಿಯೊಳಗೆ ಬಗ್ಗಿ ನೋಡಿದಳು. ಅವಳಿಗೆ ಚೀಲಗಳಿಗಿಂತ ಕಲ್ಲಿನ ಹಿಂದಿನ ಬೂದು ಹೆಣ್ಣು ಮೀನಿನ ಯೋಚನೆ. ಹನ್ನೆರಡು ದಿನದಿಂದ ಅದು ಬಾಯಲ್ಲಿ ಮೊಟ್ಟೆ ಇಟ್ಟುಕೊಂಡಿದೆ. ಈ ಜಾತಿಯೇ ಹಾಗೆ, ಮರಿಯಾಗಿ ಈಜುವ ತನಕ ತಾಯಿ ಬಾಯಿ ತೆರೆಯದು, ಒಂದು ಚೂರೂ ತಿನ್ನದು. ಗದ್ದ ಕೆಳಗೆ ಉಬ್ಬಿ ಕೆನ್ನೆಯಲ್ಲಿ ಎಲೆಯಡಿಕೆ ಒತ್ತರಿಸಿಕೊಂಡ ಹೆಂಗಸಿನ ಹಾಗೆ ಕಾಣುತ್ತದೆ. "ಇವ್ಳ ಉಪವಾಸ ಇನ್ನೆಷ್ಟ್ ದಿನಾರೀ? ಮರಿ ಬಿಡೋಕ್ ಮುಂಚೆ ಉಪ್ಪಿನಕಾಯಿ ಜಾಡಿಗೆ ಎತ್ತಿಡ್ಬೇಕು ಅಂದಿದ್ರಿ, ಜಾಡಿ ತೊಳೆದಿಟ್ಟಿವ್ನಿ," ಎಂದಳು. ಇನ್ನೊಂದು ವಾರ ಎಂದ ಅವನು. "ಬಾಯಿ ತುಂಬಾ ಮಕ್ಳನ್ನಿಟ್ಕಂಡ್ರೆ ಇವ್ಳಾದ್ರೂ ಏನ್ ಮಾತಾಡ್ತಾಳೆ ಪಾಪ," ಎಂದು ನಗುತ್ತಾ ಅಡಿಗೆ ಮನೆಗೆ ಹೋದಳು. ತನ್ನ ಬಾಯಲ್ಲಿ ಏನಿದೆ ಎಂದು ಕರಿಬಸವಯ್ಯ ಕಾಫಿ ಗುಟುಕರಿಸುತ್ತಾ ಯೋಚಿಸಿದ. ಏನೂ ಇಲ್ಲ, ಕಾಫಿ ಅಷ್ಟೇ. ಸಕ್ಕರೆ ಒಂದು ಚೂರು ಕಮ್ಮಿ. ಕುಡಿದ.

"ಕಂದುದ್ದೇ ಇರ್ಲಿ ನಜೀರಣ್ಣ," ಎಂದ ಕೊನೆಗೆ.

"ಅರೆ, ಅದು ಕೆಲ್ಸಕ್ ಬರಲ್ಲ ಅಂತ ಈಗ ಹೇಳಿದ್ನಲ್ಲ!"

"ಸಾಯಲ್ಲವಲ್ಲ. ಗಲಾಟೆ ಇರಲ್ಲ."

ನಜೀರ್ "ನಿಮ್ಮಿಷ್ಟ ಮೇಷ್ಟ್ರೇ," ಎಂದು ಚುಕ್ಕೆಯ ಚೀಲವನ್ನು ನೀರಿನಿಂದ ಎತ್ತಿದ. ಅಷ್ಟರಲ್ಲಿ ಅಂಗಳದ ಕಡೆಯ ಬಾಗಿಲು ಕತ್ತಲಾಯಿತು. ಶಂಭುಲಿಂಗಯ್ಯನವರು ಅಟ್ಟದಿಂದ ಇಳಿದು ಬಂದಿದ್ದರು. ಎಪ್ಪತ್ತೆರಡು ವರ್ಷ, ಏಣಿ ಹತ್ತುವುದಕ್ಕೆ ಇನ್ನೂ ಯಾರ ಕೈಯೂ ಬೇಡ. ತಲೆಗೆ ಸುತ್ತಿದ ಟವೆಲ್ಲಿನ ಮೇಲೆ ತೆಂಗಿನ ನಾರಿನ ಧೂಳು. ಬೆಳಿಗ್ಗೆ ಪೂಜೆ ಮುಗಿದ ಕೂಡಲೇ ಅಟ್ಟ ಹತ್ತಿ ಕೂತು ಕಾಯಿ ಅಲ್ಲಾಡಿಸುವುದು ಅವರ ನಿತ್ಯದ ಕೆಲಸ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸುತ್ತಾರೆ. ಗುಳುಗುಳು ಅಂದರೆ ಇನ್ನೂ ನೀರಿದೆ, ಪಕ್ಕಕ್ಕೆ. ಗಿಟಕ್ ಗಿಟಕ್ ಅಂದರೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆ, ಒಡೆಯಬಹುದು. ಏಟು ಹಾಕಿ ನೋಡುವ ಮಾತೇ ಇಲ್ಲ. ಅವರ ಕಿವಿ ತಪ್ಪಿದ್ದನ್ನು ಈ ಹೋಬಳಿಯಲ್ಲಿ ಯಾರೂ ಕಂಡಿಲ್ಲ. ಕರಿಬಸವಯ್ಯ ಮದುವೆಯಾದ ಹೊಸದರಲ್ಲಿ ಒಂದು ದಿನ ಅಟ್ಟ ಹತ್ತಿ ಕೂತಿದ್ದ. ಎಲ್ಲ ಕಾಯಿಯೂ ಒಂದೇ ಥರ ಕೇಳಿಸಿತು. ಇಳಿದುಬಂದವನು ಮತ್ತೆ ಹತ್ತಲಿಲ್ಲ, ಅವರೂ ಕರೆಯಲಿಲ್ಲ.

"ಏನದು?" ಎಂದರು.

ಕರಿಬಸವಯ್ಯ ಎದ್ದು ನಿಂತ. ನಲವತ್ತೈದು ವರ್ಷದ ಗಂಡಸು ಕ್ಲಾಸಿನ ಹುಡುಗನ ಹಾಗೆ ಎದ್ದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ನಜೀರನೇ ಹೇಳಿದ: "ಕ್ಯಾಟ್‌ಫಿಶ್ ಯಜಮಾನ್ರೇ. ತಳ ಕ್ಲೀನ್ ಮಾಡೋ ಮೀನು."

"ಕ್ಯಾಟು ಅಂದ್ರೆ ಬೆಕ್ಕಲ್ವೇನಪ್ಪಾ?" ಮಾವನಿಗೆ ಅಷ್ಟು ಇಂಗ್ಲಿಷು ಬರುತ್ತದೆ. "ಮೀನಿನ್ ಪೆಟ್ಟಿಗೆಗೆ ಬೆಕ್ ಬುಡ್ತೀರಾ? ಚೆನ್ನಾಗದೆ ಕಣ್ರಪ್ಪ."

"ಮೀಸೆ ಐತಲ್ಲ ಯಜಮಾನ್ರೇ, ಅದುಕ್ಕೆ ಆ ಹೆಸ್ರು. ಎರಡು ತಂದೀನಿ. ಮೇಷ್ಟ್ರು ಆ ಕಂದುದ್ದು ಸಾಕು ಅಂತಾವ್ರೆ."

ಶಂಭುಲಿಂಗಯ್ಯನವರು ಹತ್ತಿರ ಬಂದರು. ಎರಡು ವರ್ಷದಲ್ಲಿ ಅವರು ತೊಟ್ಟಿಯ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು. ಒಂದು ಚೀಲ ನೋಡಿದರು, ಇನ್ನೊಂದು ನೋಡಿದರು. ಆಮೇಲೆ ಅವರು ಮಾಡಿದ್ದನ್ನು ಕರಿಬಸವಯ್ಯ ತಡೆಯುವ ಮೊದಲೇ ಮಾಡಿ ಮುಗಿಸಿದ್ದರು. ತೊಟ್ಟಿಗೆ ಕೈ ಹಾಕಿ ಕಂದು ಮೀನಿನ ಚೀಲವನ್ನು ಎತ್ತಿ, ಬಲಗಿವಿಯ ಹತ್ತಿರ ಹಿಡಿದು, ಕಣ್ಣು ಅರ್ಧ ಮುಚ್ಚಿ, ಎರಡು ಸಲ ಅಲ್ಲಾಡಿಸಿದರು. ಚೀಲದ ಹೊರಮೈಗೆ ಅಂಟಿದ್ದ ತೊಟ್ಟಿಯ ನೀರು ಅವರ ಭುಜದ ಮೇಲೆ ಸುರಿಯಿತು. ಕಂದು ಮೀನು ಹಿಡಿದ ಗೋಡೆ ಬಿಡಲಿಲ್ಲ. ನೀರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಅದನ್ನು ತೊಟ್ಟಿಗೆ ವಾಪಸು ಹಾಕಿ ನಜೀರನ ಕೈಯಿಂದ ಚುಕ್ಕೆಯದನ್ನು ತೆಗೆದುಕೊಂಡು ಅಲ್ಲಾಡಿಸಿದರು.

ಕ್ರಿಕ್, ಅಂದಿತು ಚೀಲ.

ನಜೀರನ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು. ಮುದುಕರು ಮತ್ತೆ ಅಲ್ಲಾಡಿಸಿದರು. ಕ್ರಿಕ್, ಕ್ರಿಕ್. ಒಣಗಿದ ಬಾಗಿಲ ಕೀಲಿನಂಥ ಸಣ್ಣ ಸದ್ದು. ಮುಳ್ಳು ನೆಟ್ಟಗೆ ಮಾಡಿಕೊಂಡು, ಅದರ ಬುಡವನ್ನು ಮೂಳೆಗೆ ಉಜ್ಜಿ, ಆ ಮೀನು ಬೈಯುತ್ತಿತ್ತು. ಪುಸ್ತಕದಲ್ಲಿ ಈ ಜಾತಿ ಸದ್ದು ಮಾಡುತ್ತದೆಂದು ಒಂದು ಸಾಲು ಓದಿದ್ದು ಕರಿಬಸವಯ್ಯನಿಗೆ ನೆನಪಾಯಿತು. ಯಾರು ಕೇಳಿಸಿಕೊಂಡಿರುತ್ತಾರೆ ಎಂದು ಮುಂದಕ್ಕೆ ಹೋಗಿದ್ದ. ಮೀನಿನ ಚೀಲವನ್ನು ಹೀಗೆ ಅಲ್ಲಾಡಿಸಬಾರದು, ಹೆದರಿ ಸತ್ತರೂ ಸಾಯಬಹುದು ಎಂದು ಹೇಳಬೇಕಾದ ವಿಜ್ಞಾನದ ಮೇಷ್ಟ್ರು ಬಾಯಿ ತೆರೆದುಕೊಂಡು ನಿಂತಿದ್ದ.

"ಇದ್ನ ಬುಡು," ಎಂದರು ಮಾವ.

"ಅದು... ಮುಳ್ಳಿದೆ ಮಾವ. ಜಗಳ ಆಗ್ಬಹುದು. ಆ ಕಂದುದ್ದಾದ್ರೆ ಯಾರ ತಂಟೆಗೂ ಹೋಗಲ್ಲ."

"ಸದ್ದು ಮಾಡ್ದೆ ಇರೋದ್ನ ನಂಬಬಾರ್ದು ಕಣಪ್ಪ. ಗುಳುಗುಳು ಅನ್ನೋದು ಹಸಿ, ಗಿಟಕ್ ಅನ್ನೋದು ಮಾಗಿದ್ದು. ಏನೂ ಅನ್ದೆ ಇರೋ ಕಾಯಿ ಅಂದ್ರೆ ಒಳಗೇ ಕೊಳೀತಾ ಅದೆ ಅಂತ ಲೆಕ್ಕ. ಒಡೆದ್ರೆ ಅಟ್ಟವೆಲ್ಲಾ ನಾರ್ತದೆ." ಅವರು ಚೀಲವನ್ನು ಮುಖದ ಮುಂದೆ ಹಿಡಿದು ಮೀನಿನ ಮೀಸೆ ನೋಡಿದರು. ಅವರಿಗೂ ಬಿಳಿ ಮೀಸೆ. "ಗಂಡು ಹುಡುಕುವಾಗ್ಲೂ ಇದೇ ಲೆಕ್ಕ ನಾನ್ ಹಿಡ್ದಿದ್ದು."

ಕರಿಬಸವಯ್ಯನಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎನಿಸಿತು. ಏನು ಮಾವ, ಎಂದ.

"ನಿನಗ್ ಮುಂಚೆ ಐದು ಗಂಡು ಬಂದಿದ್ವು ಹೆಣ್ ನೋಡಕ್ಕೆ. ಐದಕ್ಕೂ ನಿಮ್ಮತ್ತೆ ಕೈಲಿ ಉಪ್ಪಿಲ್ದೆ ಇರೋ ಸಾರು ಮಾಡ್ಸಿದ್ದೆ. ಬೇಕೂ ಅಂತಲೇ. ಐದು ಜನವೂವೆ ಚೆನ್ನಾಗದೆ ಚೆನ್ನಾಗದೆ ಅನ್ಕಂಡು ಉಂಡೆದ್ರು ಕಣಯ್ಯ! ಒಬ್ಬ ಎರಡ್ನೇ ಸಲ ಬಡಿಸ್ಕಂಡ. ಇಂಥೋರ್ನ ಮನೇಲಿಟ್ಕಂಡ್ರೆ ನಾಳೆ ಮನೆಗೆ ಬೆಂಕಿ ಬಿದ್ರೂ ಚೆನ್ನಾಗದೆ ಅಂತಾರೆ. ನೀನ್ ಬಂದೆ. ಎರಡ್ ತುತ್ತು ತಿಂದು, ನನ್ನ ಮುಖ ನೋಡಿ, ಸಾರಿಗೆ ಉಪ್ಪಿಲ್ಲ ಸ್ವಾಮಿ ಅಂದೆ. ಅವಾಗ್ಲೇ ನಿಕ್ಕಿ ಮಾಡ್ದೆ, ಇವ್ನೇ ಅಂತ."

ನಿಜ, ಅಂದಿದ್ದ. ತನ್ನೂರು ಅರಳಗುಪ್ಪೆಗೆ ವಾಪಸು ಹೋಗುವ ಬಸ್ಸಿನಲ್ಲಿ ಅವ್ವ ದಾರಿಯುದ್ದಕ್ಕೂ ಹಣೆ ಚಚ್ಚಿಕೊಂಡಿದ್ದಳು. ಹೆಣ್ಣು ನೋಡೋಕೆ ಹೋದೋನು ಉಪ್ಪು ಕೇಳ್ದೆಯಲ್ಲೋ, ಮಾನ ಕಳ್ದೆಯಲ್ಲೋ ಎಂದು. ಅಂಥದ್ದರಲ್ಲೂ ಹೆಣ್ಣು ಕೊಟ್ಟರೆಂದರೆ ಬಡ ಮೇಷ್ಟ್ರನ್ನು ನೋಡಿ ಕನಿಕರಪಟ್ಟಿರಬೇಕು, ಅಥವಾ ಆ ಮಾತನ್ನು ಕೇಳಿಸಿಕೊಂಡಿರಲಿಕ್ಕಿಲ್ಲ ಎಂದು ಅವನು ತಿಳಿದಿದ್ದ. ಅದರ ಮೇಲೆ ಚಪ್ಪರದ ಹಿಂದಿನ ಮಾತು ಬೇರೆ ಬಿತ್ತು. ಆ ಎರಡು ಮಾತಿಗೂ ಇಪ್ಪತ್ತು ವರ್ಷ ಪ್ರಾಯಶ್ಚಿತ್ತ ಮಾಡಿಕೊಂಡೇ ಬಂದಿದ್ದಾನೆ. ಯಾವ ದಿನವೂ ಸಾರಿನ ಬಗ್ಗೆ ಒಂದು ಮಾತು ಆಡಿಲ್ಲ. ಅಳು ಬರುತ್ತಿದೆಯೋ ನಗು ಬರುತ್ತಿದೆಯೋ ಗೊತ್ತಾಗಲಿಲ್ಲ. ಇಷ್ಟು ವರ್ಷ ಯಾರದೋ ಅಂಗಿ ತೊಟ್ಟುಕೊಂಡು, ಬಿಗಿಯಾಗಿದ್ದರೂ ಪರವಾಗಿಲ್ಲ ಎಂದು ಉಸಿರು ಹಿಡಿದುಕೊಂಡು ಓಡಾಡಿದೆನಲ್ಲ. ಮಾವ ಅಂದು ತೆಗೆದುಕೊಂಡಿದ್ದ ಅಳತೆ ತನ್ನದೇ ಆಗಿತ್ತಲ್ಲ!

"ಮದ್ವೆ ಆದ ಮಾರ್ನೇ ದಿನದಿಂದ ನಿನ್ನ ಬಾಯಿಗೆ ಬೀಗ," ಎಂದರು ಶಂಭುಲಿಂಗಯ್ಯನವರು. ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಿನದ ಬೇಜಾರಿತ್ತು. "ಮೋಸ ಹೋದ್ನಲ್ಲಪ್ಪಾ ಅಂದ್ಕಂಡೆ. ಈ ಕಿವಿ ಒಂದೇ ಒಂದ್ ಸಲ ತಪ್ತು, ಅದೂ ಮಗಳ ವಿಷ್ಯದಲ್ಲಿ ಅಂತ ನಿಮ್ಮತ್ತೆ ಹತ್ರ ಎಷ್ಟ್ ಸಲ ಅಂದಿವ್ನೋ. ಮೊಮ್ಮಗಳ್ನ ತುಮಕೂರಿಗೆ ಕಳ್ಸುವಾಗ ನೀನು ಬೇಡ ಅಂತೀಯ ಅಂತ ಮೂರ್ ದಿನ ಕಾದೆ. ನೀನ್ ಅಂದಿದ್ರೆ ನಾನೂ ಬೇಡ ಅಂತಿದ್ದೆ."

ನಜೀರ್ ಕಾಫಿ ಮುಗಿಸಿ, ಲೋಟವನ್ನು ಎಲ್ಲಿಡಬೇಕೆಂದು ಗೊತ್ತಾಗದವನ ಹಾಗೆ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ. ಕೊನೆಗೆ, "ನೀರು ಹೊಂದ್ಕೊಂಡಿರ್ತದೆ ಮೇಷ್ಟ್ರೇ, ಬಿಡೋಣ್ವಾ?" ಎಂದ. ಕರಿಬಸವಯ್ಯ ಮಾವನ ಕೈಯಿಂದ ಚೀಲ ತೆಗೆದುಕೊಂಡ. ದಾರ ಬಿಚ್ಚಿ, ತೊಟ್ಟಿಯ ನೀರನ್ನು ಒಂದೊಂದೇ ಬೊಗಸೆ ಚೀಲಕ್ಕೆ ಬೆರೆಸಿ, ಬಾಯಿ ಓರೆ ಮಾಡಿದ. ಚುಕ್ಕೆಯ ಮೀನು ಜಾರಿ ತಳಕ್ಕೆ ಇಳಿಯಿತು. ದಫೇದಾರ ಆ ಮೂಲೆಯಿಂದ ಬಾಣದ ಹಾಗೆ ಬಂದ. ಮಾವ ಗಾಜಿಗೆ ಹಣೆ ತಾಗಿಸಿ ಬಗ್ಗಿದರು. ಕರಿಬಸವಯ್ಯನೂ ಪಕ್ಕದಲ್ಲಿ ಬಗ್ಗಿದ. ಹೊಸಬ ಓಡಲಿಲ್ಲ. ಎರಡು ಕಲ್ಲಿನ ಸಂದಿಗೆ ಹಿಮ್ಮುಖವಾಗಿ ಸರಿದು, ಬೆನ್ನ ಮುಳ್ಳು, ಪಕ್ಕದ ಎರಡು ಮುಳ್ಳು ಮೂರನ್ನೂ ಚಿಲಕ ಹಾಕಿದ ಹಾಗೆ ಬಿಗಿ ಮಾಡಿಕೊಂಡು ನಿಂತಿತು. ದಫೇದಾರ ಒಂದು ಸಲ ತಿವಿದ. ಇನ್ನೊಂದು ಸಲ ತಿವಿಯಲು ಬಂದು, ಏನು ಕೇಳಿಸಿತೋ, ಗಕ್ಕನೆ ನಿಂತು, ಬಾಲ ಕೊಡವಿ, ಬೇರೆ ಏನೋ ಮುಖ್ಯ ಕೆಲಸ ನೆನಪಾದವನ ಹಾಗೆ ತಿರುಗಿ ಹೋದ. ಸ್ವಲ್ಪ ಹೊತ್ತಿಗೆ ಮೀಸೆಗಳು ಹೊರಗೆ ಬಂದವು. ಸಂದಿಯಲ್ಲಿ ಕೊಳೆಯುತ್ತಿದ್ದ ಬಟಾಣಿಯ ಸಿಪ್ಪೆಯೊಂದನ್ನು ತಡವಿ ನೋಡಿ, ಬಾಯಿಗೆ ಹಾಕಿಕೊಂಡಿತು.

"ಕೆಲ್ಸಗಾರ ಕಣಪ್ಪ," ಎಂದರು ಮಾವ, ಗಾಜಿನಿಂದ ಹಣೆ ತೆಗೆಯದೆ.

ನಜೀರ್ ನಗುತ್ತಾ ಕಂದು ಮೀನಿನ ಚೀಲ ಎತ್ತಿಕೊಂಡು, ಬತ್ತೀನಿ ಯಜಮಾನ್ರೇ ಎಂದು ಹೊರಟ. ಲೂನಾದ ಸದ್ದು ತೋಟದ ದಾರಿ ಹಿಡಿದು ಸಣ್ಣಗಾಯಿತು. ಶಂಭುಲಿಂಗಯ್ಯನವರು ನೆಟ್ಟಗಾಗಿ ಒದ್ದೆಯಾದ ಭುಜವನ್ನು ನೋಡಿಕೊಂಡರು. ಮೀನಿನ ನೀರು. ಇನ್ನು ಸ್ನಾನ ಮಾಡದೆ ಒಳ ಮನೆಗೆ ಹೋಗುವ ಹಾಗಿಲ್ಲ. ಟವೆಲ್ಲು ಬಿಚ್ಚಿ ಭುಜ ಒರೆಸಿಕೊಳ್ಳುತ್ತಾ ಬಚ್ಚಲಿನ ಕಡೆ ನಾಲ್ಕು ಹೆಜ್ಜೆ ಹೋಗಿದ್ದವರನ್ನು ಕರಿಬಸವಯ್ಯ ಕೂಗಿದ. ಕೂಗಿದ್ದು ತಾನೇ ಎಂದು ಅವನಿಗೆ ಆಮೇಲೆ ಗೊತ್ತಾಯಿತು.

"ಮಾವ."

ಅವರು ತಿರುಗಿದರು.

"ಇದು ಬದುಕ್ತದೋ ಸಾಯ್ತದೋ ಗೊತ್ತಿಲ್ಲ. ಚೀಲ ಹಂಗೆ ಅಲ್ಲಾಡಿಸ್ಬಾರ್ದಾಗಿತ್ತು ನೀವು. ಮೀನು ಅಂದ್ಮೇಲೆ ಒಂದೊಂದು ಸಾಯ್ತವೆ, ಸತ್ರೆ ನಾರ್ತವೆ, ನಾನು ತೆಗ್ದು ತೊಳೀತೀನಿ. ಆದ್ರೆ ಸತ್ರೂ ನಾರಿದ್ರೂ ಈ ತೊಟ್ಟಿ ಇಲ್ಲೇ ಇರ್ತದೆ. ಕೊಟ್ಟಿಗೆಗೆ ಹೋಗಲ್ಲ."

ಹೇಳಿ ಮುಗಿಸಿದಾಗ ಅವನ ಕೈಯಲ್ಲಿದ್ದ ಖಾಲಿ ಚೀಲದಿಂದ ನೀರು ತೊಟತೊಟ ಕಾಲಿನ ಮೇಲೆ ಬೀಳುತ್ತಿತ್ತು. ಅಡಿಗೆ ಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಮಾವನ ಬಿಳಿ ಮೀಸೆಯ ಒಂದು ತುದಿ ಮೊದಲು, ಆಮೇಲೆ ಇನ್ನೊಂದು ತುದಿ, ನಿಧಾನವಾಗಿ ಮೇಲೆ ಹೋಯಿತು. ಅವರು ಅಡಿಗೆ ಮನೆಯ ಕಡೆ ಕತ್ತು ಹೊರಳಿಸಿ ಗಟ್ಟಿಯಾಗಿ ಕೂಗಿದರು:

"ಗಿರಿಜಾ, ಬಾರೇ ಇಲ್ಲಿ. ನಿನ್ ಗಂಡ ಏನೋ ಅಂತಾವ್ನೆ ಕಣೇ!"

"ಕೇಳಿಸ್ತು ಬುಡಪ್ಪ," ಒಳಗಿನಿಂದ ದನಿ ಬಂತು. "ನನ್ ಹತ್ರ ದಿನಾ ಅಂತಾರೆ. ನಿಂಗ್ ಇವತ್ತು ಕೇಳಿಸ್ತು ಅಷ್ಟೇಯ."